ಜಾತಿಗೆಟ್ಟ ಸಸಿಗಳ ಲೆಕ್ಕ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ನಾನು ಮೈಸೂರಿನಲ್ಲಿ ಗಣಿತ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿ ಗಾಳಿಬೀಡಿನ ಹತ್ತಿರದ ನಮ್ಮ ಮನೆಗೆ ಹಿಂತಿರುಗಿದ್ದೆ. ಓದಿದ ಹುಡುಗಿ ಊರಿಗೆ ಬಂದರೆ ಜನರಿಗೆ ಎರಡೇ ಪ್ರಶ್ನೆ: ಟೀಚರ್ ಕೆಲಸ ಎಲ್ಲಿ, ಮದುವೆ ಯಾವಾಗ. ನಾನು ಎರಡಕ್ಕೂ ಉತ್ತರ ಕೊಡದೆ ಕಾಫಿ ನರ್ಸರಿಗೆ ಇಳಿದೆ.

ಇಳಿಯದೆ ಬೇರೆ ದಾರಿಯೂ ಇರಲಿಲ್ಲ. ಹಿಂದಿನ ವರ್ಷ ನೆರಳಿನ ಮರಗಳ ಮರಗಸಿ ಮಾಡಿಸುವಾಗ ಕಡಿದ ಕೊಂಬೆಯೊಂದು ಅಪ್ಪನ ಸೊಂಟದ ಮೇಲೆ ಬಿದ್ದಿತ್ತು. ಅಂದಿನಿಂದ ಅವರು ಜಗಲಿಯ ಕುರ್ಚಿ ಬಿಟ್ಟು ದೂರ ಹೋಗಲಾರರು. ತೋಟ ಇನ್ನೂ ಪಾಲಾಗಿರಲಿಲ್ಲ. ಅಪ್ಪ ಕೂತ ಮೇಲೆ ಯಜಮಾನಿಕೆ ತಾನಾಗಿ ಚಿಕ್ಕಪ್ಪನ ಕೈಗೆ ಹೋಯಿತು. ಚಿಕ್ಕಪ್ಪ ಕೆಟ್ಟವರಲ್ಲ. ಬೆಳಿಗ್ಗೆ ಕೂಲಿಯವರಿಗಿಂತ ಮುಂಚೆ ತೋಟದಲ್ಲಿರುತ್ತಿದ್ದರು, ಸಂಜೆ ಅವರು ಹೋದ ಮೇಲೆ ಮನೆಗೆ ಬರುತ್ತಿದ್ದರು. ಆದರೆ ತಾನು ಒಮ್ಮೆ ಹೇಳಿದ್ದನ್ನು ಇನ್ನೊಬ್ಬರು ಎರಡನೇ ಸಲ ಯೋಚಿಸುವುದೇ ಅವರಿಗೆ ಸೇರುತ್ತಿರಲಿಲ್ಲ. ಅದರಲ್ಲೂ ಮನೆಯ ಹೆಣ್ಣುಮಗಳು.

ಜಗಳ ಶುರುವಾದದ್ದು ಒಂದು ಗಿಡದಿಂದ. ನಮ್ಮ ತೋಟದ ತಗ್ಗಿನಲ್ಲಿ ತುಕ್ಕು ರೋಗ ಬಂದು ಎಲೆಯ ಅಡಿಗೆಲ್ಲ ಅರಿಸಿನದ ಪುಡಿ ಬಳಿದ ಹಾಗಾಗಿ, ಸಾಲು ಸಾಲು ಗಿಡಗಳು ಎಲೆ ಉದುರಿಸಿ ಕಡ್ಡಿಯಾದವು. ಸುಣ್ಣ, ಮೈಲುತುತ್ತ ಬೆರೆಸಿ ಹೊಡೆದದ್ದೂ ಮಳೆಗೆ ತೊಳೆದುಹೋಯಿತು. ಆ ಕಡ್ಡಿಗಳ ನಡುವೆ ಒಂದೇ ಒಂದು ಗಿಡ ಹಸಿರಾಗಿ ನಿಂತಿತ್ತು. ಎಲೆ ಸ್ವಲ್ಪ ಸಣ್ಣ, ಉದ್ದ. ಅಪ್ಪ ಕಾಲು ಗಟ್ಟಿಯಿದ್ದಾಗಲೇ ಅದನ್ನು ಗುರುತಿಸಿ, ಕಡಿಯಬೇಡಿ ಎಂದು ಹೇಳಿಟ್ಟಿದ್ದರು. ನಾನು ಬಂದ ವರ್ಷ ಆ ಗಿಡದ ಹಣ್ಣನ್ನೆಲ್ಲ ಬೇರೆಯಾಗಿ ಬಿಡಿಸಿ, ಬೀಜ ಮಾಡಿ, ಬೇರೆ ಬೆಡ್ಡಿನಲ್ಲಿ ಹಾಕಿಸಿದೆ.

ಮೊಳೆತು, ಬುಟ್ಟಿಗೆ ಬಂದು, ನಾಲ್ಕೈದು ಜೊತೆ ಎಲೆ ಒಡೆಯುವ ಹೊತ್ತಿಗೆ ನೋಡಿದರೆ ಸಸಿಗಳು ಒಂದರ ಹಾಗೆ ಒಂದಿಲ್ಲ. ಹೆಚ್ಚಿನವು ಮಾಮೂಲಿ. ಆದರೆ ನಡುನಡುವೆ ಕುಳ್ಳಗಿನವು, ತುದಿ ಎಲೆ ತಾಮ್ರದ ಬಣ್ಣದವು, ಎಲೆ ಮುರುಟಿದವು, ಕೊಂಬೆ ವಿಪರೀತ ಒತ್ತಾಗಿ ಬಂದವು. ತೋಟದ ಲೆಕ್ಕ ಬರೆಯುವ ರೈಟರು ಪದ್ಧತಿಯ ಪ್ರಕಾರ ಕೀಳಿಸಲು ಹೊರಟರು. ನರ್ಸರಿಯಲ್ಲಿ ಬೇರೆ ಥರ ಕಂಡ ಸಸಿಯನ್ನು ಕಿತ್ತು ಎಸೆಯುವುದು ಎಲ್ಲ ಎಸ್ಟೇಟಿನಲ್ಲೂ ಇದ್ದದ್ದೇ.

"ಇವೆಲ್ಲ ಜಾತಿಗೆಟ್ಟವು ಅಮ್ಮ," ಎಂದರು ರೈಟರು. "ಇಟ್ಟರೆ ತೋಟವೇ ಕೆಡ್ತದೆ."

ಆ ಮಾತು ನನಗೆ ಚುಚ್ಚಿತು. ಜಾತಿಗೆಟ್ಟದ್ದು ಎನ್ನುವ ಶಬ್ದವನ್ನು ಮನುಷ್ಯರ ಬಗ್ಗೆಯೂ ಅದೇ ಸಲೀಸಿನಲ್ಲಿ ಹೇಳುವುದನ್ನು ಕೇಳಿ ಬೆಳೆದವಳು ನಾನು. "ಒಂದನ್ನೂ ಮುಟ್ಟಬೇಡಿ," ಎಂದೆ. "ಆ ಹಸಿರು ಗಿಡವೇ ಜಾತಿಗೆಟ್ಟದ್ದು. ಅದಕ್ಕೇ ಉಳಿದದ್ದು."

ರೈಟರು ಚಿಕ್ಕಪ್ಪನಿಗೆ ಹೇಳಿದರು. ಚಿಕ್ಕಪ್ಪ ಒಬ್ಬ ಅಧಿಕಾರಿಯನ್ನು ಕರೆತಂದರು.

ಅವರು ಸಸ್ಯಶಾಸ್ತ್ರ ಓದಿ, ಬೆಳೆಗಾರರಿಗೆ ಸಲಹೆ ಕೊಡಲು ನಮ್ಮ ಕಡೆಗೆ ನೇಮಕವಾಗಿದ್ದವರು. ಮೈಸೂರು ಕಡೆಯವರು, ಮಧ್ಯವಯಸ್ಸು, ಮೃದು ಮಾತು. ನರ್ಸರಿಯನ್ನು ತಾಳ್ಮೆಯಿಂದ ನೋಡಿದರು. ಕೆಲವು ಸಸಿಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಲೆ ತಿರುಗಿಸಿದರು. ಆಮೇಲೆ ಜಗಲಿಗೆ ಬಂದು ಅಪ್ಪನ ಎದುರು ಕೂತು ಹೇಳಿದರು:

"ಇದನ್ನು ನಾವು ಉತ್ಪರಿವರ್ತನೆ ಅನ್ನುತ್ತೇವೆ. ಬೀಜದೊಳಗೆ ಎಲ್ಲೋ ಒಂದು ಕಡೆ ಬದಲಾಗಿರುತ್ತದೆ. ಪಕ್ಕದ ಗಿಡದ ಬೆರಕೆಯೂ ಇರಬಹುದು. ಹೇಗೇ ಬಂದಿರಲಿ, ಇಂಥ ಬದಲು ಹೆಚ್ಚಿನ ಪಾಲು ಕೆಟ್ಟದ್ದಕ್ಕೇ. ನೂರಕ್ಕೆ ಒಂದು ಒಳ್ಳೆಯದಾದರೆ ಪುಣ್ಯ. ನೂರು ಇಟ್ಟುಕೊಂಡರೆ ಒಂದು ಸಿಕ್ಕೀತು. ಆ ಒಂದಕ್ಕಾಗಿ ಇಷ್ಟು ಜಾಗ, ಗೊಬ್ಬರ, ಆಳು ಯಾಕೆ?"

"ನೂರು ಇಟ್ಟರೆ ಒಂದು ಸಿಕ್ಕೇ ಸಿಗುತ್ತದೆ ಅಂತ ಇಲ್ಲ ಸಾರ್," ಎಂದೆ.

ಅವರು ನನ್ನ ಕಡೆ ತಿರುಗಿದರು. "ಅಂದರೆ?"

"ಒಂದು ಸಸಿ ಒಳ್ಳೆಯದಾಗದೆ ಇರುವ ಸಾಧ್ಯತೆ ನೂರಕ್ಕೆ ತೊಂಬತ್ತೊಂಬತ್ತು. ನೂರೂ ಒಳ್ಳೆಯದಾಗದೆ ಇರಬೇಕಾದರೆ ಆ ನೂರಕ್ಕೆ ತೊಂಬತ್ತೊಂಬತ್ತನ್ನು ಅದರಿಂದಲೇ ನೂರು ಸಲ ಗುಣಿಸಬೇಕು. ಗುಣಿಸಿದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬರುತ್ತದೆ. ನೂರು ಸಸಿ ಇಟ್ಟ ಮೂರು ಮಂದಿಯಲ್ಲಿ ಒಬ್ಬರಿಗೆ ಏನೂ ಸಿಗುವುದಿಲ್ಲ."

ಅಧಿಕಾರಿ ನಕ್ಕರು. "ಅಮ್ಮಾ, ನೀವು ನನ್ನ ಮಾತನ್ನೇ ಗಟ್ಟಿ ಮಾಡುತ್ತಿದ್ದೀರಿ."

"ಇಲ್ಲ ಸಾರ್. ನೂರು ಸಾಲದು, ಮುನ್ನೂರು ಬೇಕು ಅನ್ನುತ್ತಿದ್ದೇನೆ. ಮುನ್ನೂರು ಇಟ್ಟರೆ ಕೈ ಖಾಲಿಯಾಗುವ ಸಾಧ್ಯತೆ ಇಪ್ಪತ್ತರಲ್ಲಿ ಒಂದಕ್ಕೆ ಇಳಿಯುತ್ತದೆ."

ಚಿಕ್ಕಪ್ಪ ಎದ್ದು ನಿಂತರು. "ಕೇಳಿದಿರಲ್ಲ ಅಣ್ಣ. ನೂರೇ ಬೇಡ ಅಂತ ದೊಡ್ಡವರು ಹೇಳಿದರೆ ಇವಳಿಗೆ ಮುನ್ನೂರು ಬೇಕು." ಅಪ್ಪ ಕೈಯಲ್ಲಿದ್ದ ಲೋಟವನ್ನು ತಿರುಗಿಸುತ್ತ ಕೂತಿದ್ದರು. ಆ ಮೌನದಿಂದ ನನಗೆ ಚಿಕ್ಕಪ್ಪನ ಮಾತಿಗಿಂತ ಹೆಚ್ಚು ನೋವಾಯಿತು. ಹೂಮಳೆ ಬಿದ್ದು ಹೂವು ಕಾಯಿ ಕಚ್ಚುವವರೆಗೆ ತೋಟದ ಕೆಲಸ ಬಿಗಿ ಇತ್ತು. ಅದು ಮುಗಿದ ಮೇಲೆ ಬೆಡ್ಡು ತೆರವು ಮಾಡುವುದೆಂದು ಚಿಕ್ಕಪ್ಪ ಹೇಳಿ ಹೋದರು.

ನನಗೆ ಸಿಟ್ಟು ಬಂದಾಗ ಅಳು ಬರುವುದಿಲ್ಲ, ಲೆಕ್ಕ ಬರುತ್ತದೆ. ಅಧಿಕಾರಿಯ ಮಾತಿನಲ್ಲಿ ಒಂದು ನಿಜ ಇತ್ತು: ಹೆಚ್ಚಿನ ಬದಲು ಕೆಟ್ಟದ್ದಕ್ಕೇ. ಹಾಗಾದರೆ ಬದಲೇ ಬೇಡವೇ? ಎಷ್ಟು ಬದಲಾದರೆ ಒಳ್ಳೆಯದು, ಎಷ್ಟಾದರೆ ಹಾಳು? ಇದಕ್ಕೆ ಕಾಲೇಜಿನ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಗಿಡ ನೆಟ್ಟು ನೋಡೋಣವೆಂದರೆ ಒಂದು ತಲೆಮಾರಿಗೆ ನಾಲ್ಕೈದು ವರ್ಷ ಬೇಕು. ಹಾಗಾಗಿ ನಾನು ಕಣದ ಅಂಚಿನಲ್ಲಿ ಚಾಪೆ ಹಾಸಿಕೊಂಡು ಬೀಜಗಳಲ್ಲೇ ಗಿಡ ಮಾಡಿದೆ.

ಎಂಟು ಕಾಫಿ ಬೀಜ ಸಾಲಾಗಿ ಇಟ್ಟರೆ ಒಂದು ಗಿಡ. ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಬೀಜ ಬೆಳ್ಳಗಿರುತ್ತದೆ. ಹಣ್ಣಿನ ಸಮೇತ ಒಣಗಿಸಿದ ಚೆರಿ ಕಪ್ಪಗಿರುತ್ತದೆ. ಬಿಳಿ ಇದ್ದ ಕಡೆ ಗಿಡ ರೋಗ ತಡೆಯುತ್ತದೆ, ಕಪ್ಪು ಇದ್ದ ಕಡೆ ತಡೆಯುವುದಿಲ್ಲ ಎಂದು ಇಟ್ಟುಕೊಂಡೆ. ಕೈಗೆ ಬಂದ ಹಾಗೆ ಆರು ಸಾಲು ಇಟ್ಟೆ. ಯಾವ ಎರಡು ಸಾಲಿನಲ್ಲಿ ಬಿಳಿ ಹೆಚ್ಚೋ ಅವನ್ನು ಉಳಿಸಿ, ಉಳಿದದ್ದನ್ನು ತೆಗೆದು, ಆ ಎರಡನ್ನೇ ಅರ್ಧರ್ಧ ಬೆರೆಸಿ ಮತ್ತೆ ಆರು ಸಾಲು ಮಾಡಿದೆ. ಅದು ಮುಂದಿನ ತಲೆಮಾರು. ಹೀಗೇ ಮಾಡುತ್ತ ಹೋದರೆ ಎಂಟೂ ಬಿಳಿಯಾದ ಸಾಲು ಬರುತ್ತದೆಯೇ ಎಂಬುದು ಪ್ರಶ್ನೆ.

ಬರಲಿಲ್ಲ. ಸ್ವಲ್ಪ ಹೊತ್ತಿಗೆ ಆರೂ ಸಾಲು ಒಂದೇ ಥರ ಆಗಿ ಕೂತವು. ಯಾವ ಜಾಗದಲ್ಲಿ ಆ ಎರಡೂ ಸಾಲಿಗೆ ಕಪ್ಪು ಇತ್ತೋ ಅಲ್ಲಿ ಎಂದೆಂದಿಗೂ ಕಪ್ಪೇ. ಎಷ್ಟು ಆರಿಸಿದರೂ, ಎಷ್ಟು ಬೆರೆಸಿದರೂ ಇಲ್ಲದ ಬಿಳಿ ಎಲ್ಲಿಂದ ಬಂದೀತು?

ಅಮ್ಮ ಅಲ್ಲೇ ಮೆಣಸು ಹರವುತ್ತಿದ್ದರು. "ಎಂತ ಆಟ ಅದು?" ಎಂದು ಬಂದು ಕೂತರು. ಹೇಳಿದೆ. ಪ್ರತಿ ಬೀಜಕ್ಕೂ ಆಗೊಮ್ಮೆ ಈಗೊಮ್ಮೆ, ಯಾರ ಇಷ್ಟಕ್ಕೂ ಕಾಯದೆ, ಬಣ್ಣ ಬದಲಾಗುವ ಹಾಗೆ ಮಾಡಬೇಕು, ಆದರೆ ಹೇಗೆ ಎಂದೆ. ಅಮ್ಮ ಒಳಗೆ ಹೋಗಿ ಚೌಕಾಬಾರದ ಹುಣಸೆ ಬೀಜ ತಂದರು, ಒಂದು ಕಡೆ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದವು. "ನಾಲ್ಕೂ ಬಿಳಿ ಬಿದ್ದರೆ ಬದಲಿಸು. ಸುಲಭಕ್ಕೆ ಬೀಳುವುದಿಲ್ಲ ಅದು," ಎಂದರು. ಚೌಕಾಬಾರದಲ್ಲಿ ಅಮ್ಮನನ್ನು ಸೋಲಿಸಿದವರು ನಮ್ಮ ನೆಂಟರಲ್ಲಿ ಯಾರೂ ಇರಲಿಲ್ಲ. ಬೀಜದ ಸ್ವಭಾವ ಅವರಿಗೆ ಗೊತ್ತಿತ್ತು. ಆದರೂ ನಾನು ಮೊದಲು ಬೀಜಗಳನ್ನು ಒಂದೊಂದಾಗಿ ಎಸೆದು ನೋಡಿ, ಒಂದೇ ಕಡೆಗೆ ವಾಲುವುದನ್ನು ತೆಗೆದು, ಎರಡೂ ಕಡೆ ಹೆಚ್ಚುಕಡಿಮೆ ಸಮ ಬೀಳುವುದನ್ನಷ್ಟೇ ಇಟ್ಟುಕೊಂಡೆ. ಹಾಗೆ ಆರಿಸಿದ ನಾಲ್ಕು ಬೀಜ ಒಟ್ಟಿಗೆ ಬಿಳಿ ಬೀಳುವುದು ಹದಿನಾರರಲ್ಲಿ ಒಂದು ಸಲ.

ಹದಿನಾರರಲ್ಲಿ ಒಂದು ಎಂದರೆ ಎಷ್ಟು ಚಿಕ್ಕದು ಅನ್ನಿಸುತ್ತದೆ. ಆದರೆ ಒಂದು ಸಾಲಿನಲ್ಲಿ ಎಂಟು ಬೀಜ. ಎಂಟಕ್ಕೂ ಎಸೆಯಬೇಕು. ಎಂಟನ್ನು ಹದಿನಾರರಿಂದ ಭಾಗಿಸಿ ಅರ್ಧ ಎನ್ನುವುದು ಎಲ್ಲರಿಗೂ ಮೊದಲು ತೋಚುವುದು. ಅದು ತಪ್ಪು, ಯಾಕೆಂದರೆ ಒಂದೇ ಸಾಲಿನಲ್ಲಿ ಎರಡು ಬೀಜ ಬದಲಾಗುವುದೂ ಉಂಟು. ಬದಲಾಗದೆ ಉಳಿಯುವುದನ್ನು ಲೆಕ್ಕ ಹಾಕಬೇಕು: ಹದಿನಾರರಲ್ಲಿ ಹದಿನೈದು ಎಂಬುದನ್ನು ಅದರಿಂದಲೇ ಎಂಟು ಸಲ ಗುಣಿಸಿದರೆ ನೂರಕ್ಕೆ ಅರವತ್ತು ಸಾಲು ಇದ್ದ ಹಾಗೇ ಉಳಿಯುತ್ತದೆ, ನಲವತ್ತರಲ್ಲಿ ಏನಾದರೊಂದು ಬದಲಾಗುತ್ತದೆ. ಎರಡೇ ಹುಣಸೆ ಬೀಜ ಎಸೆದರೆ ನಾಲ್ಕರಲ್ಲಿ ಒಂದು. ಆಗ ನೂರಕ್ಕೆ ಹತ್ತು ಸಾಲು ಮಾತ್ರ ಇದ್ದ ಹಾಗೆ ಉಳಿದು, ಚೆನ್ನಾಗಿ ಬಂದದ್ದು ಬಂದ ಕೂಡಲೇ ಒಡೆದು ಹೋಗುತ್ತದೆ. ಆರು ಬೀಜ ಎಸೆದರೆ ನೂರಕ್ಕೆ ಎಂಬತ್ತೆಂಟು ಉಳಿಯುತ್ತದೆ; ಏರುತ್ತದೆ, ಆದರೆ ಕಾದು ಕಾದು ಬೇಸರ ಬರುತ್ತದೆ. ನಮ್ಮ ಚಾಪೆಯ ಮೇಲೆ ನಾಲ್ಕೇ ಹದವಾಗಿ ಕಂಡಿತು. ಎಂಟೂ ಬಿಳಿಯಾದ ಸಾಲು ಮೊದಲ ಸಲ ಬಂದಾಗ ಅಮ್ಮ ಆ ಬೀಜಗಳ ಧೂಳನ್ನು ಸೆರಗಿನಿಂದ ಒರೆಸಿದರು.

ಎಷ್ಟೋ ವರ್ಷಗಳ ಮೇಲೆ ನಮ್ಮ ತೋಟ ನೋಡಲು ಬಂದ ಕಾಲೇಜು ಮೇಷ್ಟ್ರೊಬ್ಬರು ಇದನ್ನು ಕೇಳಿ ಬೆರಗಾದರು. ಈಗ ಕಂಪ್ಯೂಟರಿನಲ್ಲಿ ಇದನ್ನೇ ಮಾಡುತ್ತಾರಂತೆ, ಜೆನೆಟಿಕ್ ಅಲ್ಗಾರಿದಮ್ ಎಂದು ಹೆಸರಂತೆ. ಸಾಲಿನಲ್ಲಿ ಎಷ್ಟು ಜಾಗವಿದೆಯೋ ಅಷ್ಟರಲ್ಲಿ ಒಂದು ಪಾಲು ಬದಲಾಗಲಿ ಎಂಬುದು ಅವರ ವಾಡಿಕೆಯ ಅಳತೆಯಂತೆ. ಹಾಗೆ ನೋಡಿದರೆ ಎಂಟು ಜಾಗಕ್ಕೆ ಎಂಟರಲ್ಲಿ ಒಂದು. ನಾನು ನಾಲ್ಕರ ಬದಲು ಮೂರು ಬೀಜ ಎಸೆಯಬೇಕಿತ್ತು. ನಾನು ಒಪ್ಪಲಿಲ್ಲ. ಆರೇ ಸಾಲು ಇಟ್ಟುಕೊಂಡವರಿಗೆ ಅಷ್ಟು ಬದಲು ದುಬಾರಿ ಎಂದು ವಾದ ಮಾಡಿದೆ. ಅವರು ಊಟ ಮುಗಿಸುವವರೆಗೂ ವಾದಿಸಿ, ನೋಡಿ ಹೇಳುತ್ತೇನೆ ಎಂದು ಹೋದರು.

ಹೂವು ಮುಗಿದು ಕಾಯಿ ಕಚ್ಚುವ ಹೊತ್ತಿಗೆ ಸೋಮವಾರಪೇಟೆಯಲ್ಲಿ ಬೆಳೆಗಾರರ ಸಭೆ ಎಂದು ಗೊತ್ತಾಯಿತು. ಅದೇ ಅಧಿಕಾರಿ ಶುದ್ಧ ತಳಿಯ ಬಗ್ಗೆ ಮಾತನಾಡುವವರಿದ್ದರು. ಚಿಕ್ಕಪ್ಪ ಹೋಗುವುದು ಖಂಡಿತ. ನಾನೂ ಹೊರಟೆ. "ಗಂಡಸರ ಸಭೆಗೆ ನೀನೆಂತಕ್ಕೆ?" ಎಂದು ಚಿಕ್ಕಪ್ಪ ಕೇಳಿದರು. ನಮ್ಮ ಬೆಡ್ಡಿನ ಸಸಿಗಳ ಮೇಲೆ ತೀರ್ಪು ಅಲ್ಲಿ ಆಗುವುದಾದರೆ ನಾನು ಅಲ್ಲಿರುತ್ತೇನೆ ಎಂದೆ. ಅಮ್ಮ ಸೀರೆ ಬದಲಿಸಿಕೊಂಡು ನನ್ನ ಜೊತೆ ಮಡಿಕೇರಿಗೆ ನಡೆದು, ಅಲ್ಲಿಂದ ಬಸ್ಸು ಹತ್ತಿದರು.

ಸಂತೆಯ ದಿನವಾದ್ದರಿಂದ ಊರು ತುಂಬಿತ್ತು. ಸಭೆಯ ಹಾಲಿನಲ್ಲಿ ಏಲಕ್ಕಿ ಬೆಳೆಯುವವರು, ಕಾಫಿಯವರು, ಕುಶಾಲನಗರದ ಕಡೆಯ ಗೌಡರು, ನೆಲ್ಯಹುದಿಕೇರಿಯಿಂದ ಬಂದ ಒಂದಿಬ್ಬರು ತೋಟದ ಮೇನೇಜರುಗಳು. ಹೆಂಗಸರೆಂದರೆ ಅಮ್ಮ ಮತ್ತು ನಾನು. ಅಧಿಕಾರಿ ಚೆನ್ನಾಗಿ ಮಾತನಾಡಿದರು. ಒಂದೇ ಉತ್ತಮ ಗಿಡದ ಬೀಜ ಎಲ್ಲರೂ ಹಾಕಿ, ಬೇರೆ ಥರ ಕಂಡದ್ದನ್ನೆಲ್ಲ ನರ್ಸರಿಯಲ್ಲೇ ಕಿತ್ತರೆ ತಳಿ ತಲೆಮಾರಿನಿಂದ ತಲೆಮಾರಿಗೆ ಉತ್ತಮವಾಗುತ್ತಲೇ ಹೋಗುತ್ತದೆ ಎಂದರು.

ನಾನು ಎದ್ದು ನಿಂತೆ. "ಆಗುವುದಿಲ್ಲ ಸಾರ್. ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ."

ಹಾಲಿನಲ್ಲಿ ಕುರ್ಚಿಗಳು ಸರಿದವು. ಚಿಕ್ಕಪ್ಪ ಮುಂದಿನ ಸಾಲಿನಿಂದಲೇ, "ಗೂಡೆ, ಕೂತ್ಕೊ," ಎಂದರು. ನಮ್ಮ ಅರೆಭಾಷೆಯಲ್ಲಿ ಗೂಡೆ ಅಂದರೆ ಹುಡುಗಿ. ಮನೆಯಲ್ಲಿ ಪ್ರೀತಿಯ ಮಾತು ಅದು. ಅಷ್ಟು ಜನರ ನಡುವೆ ಹೇಳಿದಾಗ ಬೇರೆಯೇ ಅರ್ಥ ಬಂತು. ಕೆಲವರು ನಕ್ಕರು.

"ನಾನು ನಿಂತೇ ಇರುತ್ತೇನೆ ಚಿಕ್ಕಪ್ಪ," ಎಂದೆ.

ಅಧ್ಯಕ್ಷರು ಸೋಮವಾರಪೇಟೆಯ ಕಡೆಯ ವಯಸ್ಸಾದ ಬೆಳೆಗಾರರು, ಕಿವಿ ಸ್ವಲ್ಪ ಮಂದ. "ಏನಂತಮ್ಮ ನೀನು ಹೇಳೋದು? ಮುಂದೆ ಬಂದು ಹೇಳು," ಎಂದರು. ನಾನು ಮುಂದೆ ಹೋಗಿ ಮೇಜಿನ ಮೇಲೆ ಎರಡು ಚೀಲ ಬಿಚ್ಚಿದೆ, ಒಂದರಲ್ಲಿ ಬಿಳಿ ಬೀಜ, ಇನ್ನೊಂದರಲ್ಲಿ ಕಪ್ಪು. ಆಟ ವಿವರಿಸಿದೆ. ಮೇಜಿನ ಒಂದು ತುದಿಯಲ್ಲಿ ಅಧಿಕಾರಿಯ ಪದ್ಧತಿ: ಆರಿಸುವುದು, ಬೆರೆಸುವುದು ಅಷ್ಟೇ. ಇನ್ನೊಂದು ತುದಿಯಲ್ಲಿ ನನ್ನದು: ಅದರ ಜೊತೆಗೆ ಹುಣಸೆ ಬೀಜ. ಎಸೆಯಲು ಮುಂದೆ ಕೂತವರನ್ನೇ ಕರೆದೆ, ನಾನು ಮುಟ್ಟಲಿಲ್ಲ.

ಮೊದಲ ಆಟ ನನಗೆ ತಿರುಗಿ ಬಿತ್ತು. ಅಧಿಕಾರಿಯ ಕಡೆ ಸಾಲುಗಳು ಮೊದಲೇ ಅದೃಷ್ಟದಿಂದ ಬೇರೆ ಬೇರೆ ಜಾಗದಲ್ಲಿ ಬಿಳಿ ಇಟ್ಟುಕೊಂಡಿದ್ದವು. ಬೆರೆಸುತ್ತಲೇ ಎಂಟೂ ಬಿಳಿಯಾದವು. ನನ್ನ ಕಡೆ ಒಳ್ಳೆಯ ಸಾಲು ಎರಡು ಸಲ ಕೆಟ್ಟಿತು. ಹಾಲಿನಲ್ಲಿ ಗುಜುಗುಜು. ನೆಲ್ಯಹುದಿಕೇರಿಯ ಮೇನೇಜರೊಬ್ಬರು ಟೋಪಿ ತೆಗೆದುಕೊಂಡು ಹೊರಡಲು ಎದ್ದರು.

"ಮುಗೀತಲ್ಲ," ಎಂದರು ಚಿಕ್ಕಪ್ಪ. "ಇನ್ನಾದರೂ ಮನೆಗೆ ಹೋಗುವ."

ನನ್ನ ಕಿವಿ ಬಿಸಿಯಾಗಿತ್ತು. ಆದರೆ ಒಳಗೆ ಒಂದಿಷ್ಟೂ ಅಲುಗಲಿಲ್ಲ. ಸೋತದ್ದು ನಾನು, ಲೆಕ್ಕ ಅಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತು. "ಮುಗಿದಿಲ್ಲ," ಎಂದೆ. "ಒಂದು ಸಲದ ಆಟದಿಂದ ಏನೂ ಗೊತ್ತಾಗುವುದಿಲ್ಲ. ನಾನು ಗೆದ್ದಿದ್ದರೂ ಇದನ್ನೇ ಹೇಳುತ್ತಿದ್ದೆ. ಮತ್ತೆ ಇಡಿ. ಬೀಜ ಕಣ್ಣು ಮುಚ್ಚಿ ಇಡಿ."

"ಗೆದ್ದಿದ್ದರೆ ಹೇಳುತ್ತಿದ್ದೆಯೋ ಇಲ್ಲವೋ," ಎಂದು ಹಿಂದಿನಿಂದ ಯಾರೋ ಅಂದರು.

ಅಮ್ಮ ಕೂತಲ್ಲಿಂದಲೇ ಹೇಳಿದರು: "ಹೇಳ್ತಿದ್ಳು. ಮನೆಯಲ್ಲಿ ಗೆದ್ದಾಗೆಲ್ಲ ನನ್ನ ಕೈಯಲ್ಲಿ ಇನ್ನೊಂದು ಸಲ ಎಸೆಸಿದ್ದಾಳೆ."

ಅಧ್ಯಕ್ಷರಿಗೆ ಈ ಮಾತು ಹೇಗೋ ಕೇಳಿಸಿತು. ನಕ್ಕು, "ಇನ್ನೊಂದು ಇಡ್ರಪ್ಪ," ಎಂದರು. ಎರಡನೆಯದು, ಮೂರನೆಯದು, ಆಮೇಲೆ ಎಷ್ಟೋ. ಗಂಡಸರು ಆಟವೆಂದರೆ ಬಿಡುವವರಲ್ಲ. ಸ್ವಲ್ಪ ಹೊತ್ತಿಗೆ ಮೇಜಿನ ಸುತ್ತ ನಿಲ್ಲಲು ಜಾಗ ಇರಲಿಲ್ಲ. ಬದಲಿಲ್ಲದ ಕಡೆ ಸಾಲುಗಳು ಮತ್ತೆ ಮತ್ತೆ ಒಂದೇ ಥರ ಆಗಿ ಆರು ಬಿಳಿಗೋ ಏಳು ಬಿಳಿಗೋ ನಿಂತುಬಿಡುತ್ತಿದ್ದವು. ಹುಣಸೆ ಬೀಜದ ಕಡೆ ಏರುತ್ತ, ಇಳಿಯುತ್ತ, ಮತ್ತೆ ಏರುತ್ತಿದ್ದವು. ಎದ್ದಿದ್ದ ಮೇನೇಜರು ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಬೀಜ ಎಸೆಯುತ್ತಿದ್ದರು.

ಕೊನೆಗೆ ಅಧಿಕಾರಿಯೇ ಕುರ್ಚಿ ಎಳೆದುಕೊಂಡು ತನ್ನ ಪದ್ಧತಿಯ ತುದಿಯಲ್ಲಿ ಕೂತರು. ಬಹಳ ಹೊತ್ತು ಬೆರೆಸಿದರು. ಆರೂ ಸಾಲಿನ ಮೂರನೆಯ ಜಾಗದಲ್ಲಿ ಕಪ್ಪು. ಅದರ ಮೇಲೆ ಬೆರಳಿಟ್ಟು, "ಇದು ಇನ್ನು ಬೆಳ್ಳಗಾಗುವುದಿಲ್ಲ," ಎಂದು ತಾವೇ ಹೇಳಿದರು. ಆ ಪ್ರಾಮಾಣಿಕತೆಯನ್ನು ನಾನು ಮರೆತಿಲ್ಲ.

ಆದರೆ ಅವರು ಸೋಲಲಿಲ್ಲ. ಎದ್ದು ನಿಂತು ಸಭೆಗೆ ಹೇಳಿದರು: "ಇವರ ಲೆಕ್ಕ ಸರಿ. ಆದರೆ ಇಲ್ಲಿ ಒಂದು ತಲೆಮಾರು ಎಂದರೆ ಒಂದು ನಿಮಿಷ. ತೋಟದಲ್ಲಿ ಐದು ವರ್ಷ. ಇಲ್ಲಿ ಕೆಟ್ಟ ಸಾಲನ್ನು ಚೀಲಕ್ಕೆ ಹಾಕಬಹುದು. ಅಲ್ಲಿ ಕೆಟ್ಟ ಗಿಡಕ್ಕೂ ಗೊಬ್ಬರ ಹಾಕಿ, ಕಳೆ ತೆಗೆದು, ಕೊನೆಗೆ ಕಡಿಯಬೇಕು. ಹತ್ತು ಎಕರೆ ಇದ್ದವನಿಗೆ ಹಾಗೆ ಮಾಡು ಎನ್ನಲು ನನಗೆ ಬಾಯಿ ಬರುವುದಿಲ್ಲ."

ನ್ಯಾಯವಾದ ಮಾತು. ನನಗೆ ಅದಕ್ಕೆ ಪೂರ್ತಿ ಉತ್ತರ ಅಂದೂ ಇರಲಿಲ್ಲ, ಇಂದೂ ಇಲ್ಲ. "ಎಲ್ಲರೂ ಇಡಿ ಅಂತ ನಾನು ಕೇಳುತ್ತಿಲ್ಲ," ಎಂದೆ. "ಎಲ್ಲರೂ ಕೀಳಿ ಅಂತ ನೀವು ಹೇಳಬೇಡಿ. ನನ್ನ ಮುನ್ನೂರನ್ನು ನನಗೆ ಬಿಡಿ."

ಮಾರನೆಯ ದಿನವೇ ಚಿಕ್ಕಪ್ಪ ಆಳುಗಳನ್ನು ನರ್ಸರಿಗೆ ಕಳಿಸಿದರು. ಸಭೆಯಲ್ಲಾದ ಅವಮಾನಕ್ಕೆ ಅದು ಉತ್ತರವಾಗಿತ್ತು. ನಾನು ಹೋಗುವಷ್ಟರಲ್ಲಿ ಮೇಸ್ತ್ರಿ ಮತ್ತು ಕೂಲಿಯವರ ಲೈನ್‌ಮನೆಯ ನಾಲ್ಕು ಹೆಂಗಸರು ಬೆಡ್ಡಿನ ತುದಿಯಲ್ಲಿ ನಿಂತಿದ್ದರು. ನಾನು ಬೆಡ್ಡಿನ ಒಳಗೆ ಇಳಿದು ಬುಟ್ಟಿಗಳ ನಡುವೆ ನಿಂತೆ. ಚಿಕ್ಕಪ್ಪ, "ಕೀಳಿ," ಎಂದರು. ಮೇಸ್ತ್ರಿ ಮಲಯಾಳದಲ್ಲಿ ಹೆಂಗಸರಿಗೆ ಏನೋ ಮೆಲ್ಲಗೆ ಹೇಳಿದ; ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೇ ಹೊರತು ಬಗ್ಗಲಿಲ್ಲ.

"ಕೀಳುವುದಾದರೆ ನೀವೇ ಕೀಳಿ ಚಿಕ್ಕಪ್ಪ," ಎಂದೆ. "ಅವರ ಕೈಯಲ್ಲಿ ಯಾಕೆ ಮಾಡಿಸ್ತೀರಿ? ನಾನು ಇಲ್ಲೇ ಇರ್ತೇನೆ. ಒಂದೊಂದು ಕಿತ್ತ ಹಾಗೆಲ್ಲ ವಾಪಸ್ಸು ನೆಡ್ತೇನೆ."

ಅವರು ನಿಜವಾಗಿಯೂ ಬೆಡ್ಡಿಗೆ ಕಾಲಿಟ್ಟರು. ಆಗ ಹಿಂದಿನಿಂದ ಕೋಲು ಊರುವ ಸದ್ದು. ಅಪ್ಪ. ಜಗಲಿಯಿಂದ ನರ್ಸರಿಗೆ ಇಳಿಜಾರು ದಾರಿ; ಸೊಂಟ ಮುರಿದ ಮೇಲೆ ಅವರು ಆ ದಾರಿ ಇಳಿದಿರಲೇ ಇಲ್ಲ. ಅಮ್ಮ ಪಕ್ಕದಲ್ಲಿ ತೋಳು ಹಿಡಿದಿದ್ದರು. ಅಪ್ಪನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಮೇಸ್ತ್ರಿ ಓಡಿಹೋಗಿ ಒಂದು ಪೆಟ್ಟಿಗೆ ತಂದು ಮಗುಚಿ ಹಾಕಿದ. ಅಪ್ಪ ಅದರ ಮೇಲೆ ಕೂತು ಉಸಿರು ಹಿಡಿದುಕೊಂಡು, ತಮ್ಮನ ಕಡೆ ನೋಡದೆ ಸಸಿಗಳ ಕಡೆ ನೋಡುತ್ತ ಹೇಳಿದರು:

"ಮುನ್ನೂರು ಬೇಕು ಅಂದಿದ್ಳಲ್ಲ. ಮುನ್ನೂರು ಇರ್ಲಿ."

"ಜಾಗ ಎಲ್ಲಿ ಉಂಟು ಅಣ್ಣ?" ಎಂದು ಚಿಕ್ಕಪ್ಪ ಕೇಳಿದರು. ಅವರ ದನಿ ಇಳಿದಿತ್ತು.

"ತೋಡಿನ ಆಚೆ ಕಲ್ಲು ಬರೆ ಇದೆಯಲ್ಲ. ಅಲ್ಲಿ ನೀನು ಏನೂ ಹಾಕಿಲ್ಲ, ಹಾಕುವುದೂ ಇಲ್ಲ."

ಹಾಗೆ ನನಗೆ ಕಲ್ಲು ಬರೆ ಸಿಕ್ಕಿತು. ಹಳ್ಳದ ಆಚೆಯ, ನೆರಳಿಲ್ಲದ, ಗುದ್ದಲಿ ಹಾಕಿದರೆ ಕಿಡಿ ಹಾರುವ ಇಳಿಜಾರು. ಇದರ ಜೊತೆಗೆ ಇನ್ನೊಂದೂ ಸಿಕ್ಕಿತು, ಹೆಸರು. ಸೋಮವಾರಪೇಟೆಯಿಂದ ಸುದ್ದಿ ಹರಡಿ ನಾನು ಸಭೆಯಲ್ಲಿ ಗಂಡಸರನ್ನು ಕೂರಿಸಿಕೊಂಡು ಜೂಜಾಡಿದವಳಾದೆ. ಕುಶಾಲನಗರದ ಕಡೆಯಿಂದ ಬಂದಿದ್ದ ಒಂದು ಸಂಬಂಧ ಹೇಳದೆ ಕೇಳದೆ ನಿಂತುಹೋಯಿತು. ಅಮ್ಮ ಒಂದು ದಿನ ಮಂಕಾಗಿದ್ದು, ಮರುದಿನ, "ಹುಣಸೆ ಬೀಜಕ್ಕೆ ಹೆದರುವವರ ಮನೆಗೆ ಹೋಗಿ ನೀನೆಂತ ಮಾಡ್ತಿದ್ದೆ," ಎಂದರು. ನನಗೂ ದುಃಖವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮತ್ತೆ ಅಂಥ ಸಭೆ ಸೇರಿದರೆ ಮತ್ತೆ ಎದ್ದು ನಿಲ್ಲುತ್ತಿದ್ದೆ.

ಮಳೆ ಹಿಡಿದಾಗ ನೆಟ್ಟೆವು. ಬೆಡ್ಡಿನಲ್ಲಿ ಬೇರೆ ಥರ ಕಂಡದ್ದೆಲ್ಲ ಬಂತು. ಸಂಖ್ಯೆ ತುಂಬಿಸಲು ಅದೇ ತಾಯಿಗಿಡದ ಉಳಿದ ಸಸಿಗಳನ್ನೂ ಸೇರಿಸಿದೆ. ನೆರಳಿಗೆ ಹಾಲುವಾಣದ ಗೂಟ ಊರಿದೆವು. ಮೊದಲ ಬೇಸಿಗೆಗೇ ಕಾಲು ಭಾಗ ಒಣಗಿತು. ನಾನು ತೋಡಿನಿಂದ ಕೊಡದಲ್ಲಿ ನೀರು ಹೊತ್ತೆ. ಚಿಕ್ಕಪ್ಪ ಆಚೆ ದಾರಿಯಲ್ಲಿ ಹೋಗುವಾಗ ನೋಡಿಯೂ ನೋಡದ ಹಾಗೆ ಹೋಗುತ್ತಿದ್ದರು. ಗಿಡ ಎದೆಮಟ್ಟ ಬಂದ ಮೇಲೆ ತುಕ್ಕು ಬಂತು, ಸಾಕಷ್ಟು ಗಿಡಗಳನ್ನು ಬರಿದು ಮಾಡಿತು. ಅಧಿಕಾರಿ ಹೇಳಿದ್ದು ಸರಿಯಾಗಿತ್ತು: ಹೆಚ್ಚಿನ ಬದಲು ಕೆಟ್ಟದ್ದಕ್ಕೇ. ಕುಳ್ಳಗಿದ್ದವು ಕುಳ್ಳಗೇ ಉಳಿದು ಹೂವೇ ಬಿಡಲಿಲ್ಲ. ಒಂದು ಗಿಡ ಭಾರೀ ಹಣ್ಣು ಬಿಟ್ಟಿತು; ನೀರಿಗೆ ಹಾಕಿದರೆ ಅರ್ಧಕ್ಕಿಂತ ಹೆಚ್ಚು ತೇಲಿತು, ಒಳಗೆ ಬೀಜವೇ ಇಲ್ಲ. ಅದನ್ನು ನಾನೇ ಕಡಿಸಿದೆ.

ಆದರೆ ಎರಡು ಗಿಡ ನಿಂತವು. ತಾಮ್ರದ ತುದಿ ಎಲೆಯವು. ಎಲೆಗೆ ಅಲ್ಲೊಂದು ಇಲ್ಲೊಂದು ಹಳದಿ ಚುಕ್ಕೆ ಬಂದರೂ ಉದುರಲಿಲ್ಲ, ಹಣ್ಣೂ ಗಟ್ಟಿ. ತಾಯಿಗಿಡಕ್ಕಿಂತ ಚೆನ್ನಾಗಿದ್ದವು. ನೂರಕ್ಕೆ ಒಂದು ಎಂಬ ಅಂದಾಜು ನಿಜವಾಗಿದ್ದರೆ ಮೂರು ಸಿಗಬೇಕಿತ್ತು ಎಂದು ಅಪ್ಪ ಚೇಷ್ಟೆ ಮಾಡಿದರು. ಅಂದಾಜಿಗೆ ಅಷ್ಟು ನಿಖರ ಗೊತ್ತಿದ್ದರೆ ಅದನ್ನು ಅಂದಾಜು ಎನ್ನುತ್ತಿರಲಿಲ್ಲ ಎಂದೆ.

ಮುಂದಿನ ಹಣ್ಣಿನ ಕಾಲದಲ್ಲಿ ಒಂದು ಬೆಳಿಗ್ಗೆ ಕಲ್ಲು ಬರೆಯಲ್ಲಿ ಚಿಕ್ಕಪ್ಪ ನಿಂತಿದ್ದರು. ಆ ಎರಡು ಗಿಡಗಳಲ್ಲಿ ಒಂದರ ಕೊಂಬೆ ಅವರ ಕೈಯಲ್ಲಿತ್ತು.

"ಕೇಳಿ ತಗೊಳ್ಳಿ," ಎಂದೆ.

ಅವರು ಕೊಂಬೆ ಬಿಟ್ಟರು. ಅವರ ವಯಸ್ಸಿಗೆ, ಅವರ ಸ್ವಭಾವಕ್ಕೆ ಅದು ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು. ಆದರೂ ನಾನು ಸುಲಭ ಮಾಡಿಕೊಡಲಿಲ್ಲ, ಕಾದೆ. "ಬೀಜಕ್ಕೆ ಸ್ವಲ್ಪ ಬೇಕಿತ್ತು," ಎಂದರು ಕೊನೆಗೆ.

"ಕೊಡ್ತೇನೆ. ನರ್ಸರಿಯಲ್ಲಿ ಬೇರೆ ಥರ ಬಂದದ್ದನ್ನು ಕೀಳಬಾರದು."

ಅವರು ಹೂಂ ಎಂದು ತೆಗೆದುಕೊಂಡು ಹೋದರು, ಮತ್ತು ಸಸಿಯಾದ ಮೇಲೆ ಕಿತ್ತರು. ನಾನು ಕೇಳಲು ಹೋದಾಗ, "ನನ್ನ ಬೆಡ್ಡು," ಎಂದರು. "ನಿನ್ನ ಲೆಕ್ಕ ಸರಿ ಇರಬಹುದು. ನಿನ್ನ ಬಾಯಿ ಸರಿ ಇಲ್ಲ."

"ಬಾಯಿ ಇಲ್ಲದಿದ್ದರೆ ಲೆಕ್ಕ ಯಾರು ಕೇಳ್ತಿದ್ದರು ಚಿಕ್ಕಪ್ಪ?"

ಅವರು ಚಿಕ್ಕಮ್ಮನಿಗೆ ಕಾಫಿ ತರಲು ಹೇಳಿದರು. ಇಬ್ಬರೂ ಕುಡಿದೆವು.

ಆಮೇಲೆ ತೋಟ ಪಾಲಾಯಿತು. ಹೆಣ್ಣುಮಕ್ಕಳಿಗೆ ತೋಟದಲ್ಲಿ ಪಾಲು ಕೊಡುವ ರೂಢಿ ನಮ್ಮಲ್ಲಿ ಆಗ ಇರಲಿಲ್ಲ. ಅಪ್ಪ ತಮ್ಮ ಭಾಗದಲ್ಲಿ ನನಗೇನು ಬೇಕು ಎಂದು ಎಲ್ಲರ ಎದುರು ಕೇಳಿದರು. ತಗ್ಗಿನ ಒಳ್ಳೆಯ ಭೂಮಿ ಕೇಳುತ್ತೇನೆಂದು ಎಲ್ಲರೂ ಅಂದುಕೊಂಡಿದ್ದರು. ನಾನು ಕಲ್ಲು ಬರೆ ಕೇಳಿದೆ. ಪತ್ರ ಬರೆಯುವವರು ಅದನ್ನು ಬಂಜರು ಎಂದು ಬರೆದರು. ನಾನು ಅವರ ಕೈ ತಡೆದು, ಅದನ್ನು ಹೊಡೆದುಹಾಕಿ ಕಾಫಿ ತೋಟ ಎಂದು ಬರೆಯಿರಿ ಎಂದೆ. ಹೊಡೆದುಹಾಕಿದರೆ ಪತ್ರ ಕೆಡುತ್ತದೆ, ಮೊದಲಿನಿಂದ ಬರೆಯಬೇಕಾಗುತ್ತದೆ ಎಂದರು. ಬರೆಯಿರಿ, ನಾನು ಕಾಯುತ್ತೇನೆ ಎಂದು ಅಲ್ಲೇ ಕೂತೆ.